ಬನಶಂಕರಿಯ ಹೊಂಡದಿಂದ ಚಂದ್ರನ ಯುದ್ಧಕ್ಕೆ

ಬಾದಾಮಿ ಬಸ್ ನಿಲ್ದಾಣದಿಂದ ಹೊರಟ ಟಂಟಂ ಚೊಳಚಗುಡ್ಡದ ರಸ್ತೆ ಹಿಡಿದು ಐದು ಕಿಲೋಮೀಟರ್ ಓಡಿತೆಂದರೆ ಬನಶಂಕರಿ. ಪುಷ್ಯ ಮಾಸದ ಬನದ ಹುಣ್ಣಿಮೆಯ ಆಸುಪಾಸಿನಲ್ಲಿ ಬಂದವರಿಗೆ ಮೊದಲು ಕಣ್ಣಿಗೆ ಬೀಳುವುದು ಗುಡಿಯ ಶಿಖರವಲ್ಲ, ತಗಡು ಹೊದಿಸಿದ ನಾಟಕದ ಥೇಟರುಗಳು. ಒಂದರ ಪಕ್ಕ ಒಂದು, ಎದುರಿಗೆ ಇನ್ನೊಂದು. ಬಾಗಿಲಿಗೆ ಆಳೆತ್ತರದ ಬಣ್ಣದ ಬೋರ್ಡು. ಅದರ ಮೇಲಿನ ನಾಟಕದ ಹೆಸರು ಓದಿದ ಅಪ್ಪಂದಿರು ಮಕ್ಕಳ ಕೈ ಹಿಡಿದು ಬೆಂಡು ಬತ್ತಾಸಿನ ಅಂಗಡಿಯತ್ತ ಎಳೆದೊಯ್ಯುವುದೂ ಉಂಟು. ಅತ್ತ ಕಟ್ಟಿಗೆಯ ಬಾಗಿಲು ಚೌಕಟ್ಟುಗಳ ಮಾರಾಟ, ಇತ್ತ ಇಳಕಲ್ ಸೀರೆ, ಗುಳೇದಗುಡ್ಡದ ಖಣ. ಎಲ್ಲದರ ನಡುವೆ ಕೆಂಪು ಧೂಳು.

ಗುಡಿಯ ಎದುರಿಗೆ ಹರಿದ್ರಾ ತೀರ್ಥ. ಊರವರ ಬಾಯಲ್ಲಿ ಅದು ಬರೀ ಹೊಂಡ. ಚೌಕಾಕಾರದ ವಿಶಾಲ ಕೊಳ, ಸುತ್ತಲೂ ಕಲ್ಲುಕಂಬಗಳ ಮಂಟಪ. ದಂಡೆಯ ಮೇಲೆ ದೀಪದ ಗೋಪುರ. ಈಗ ಕಾಣುವ ಗುಡಿ 18ನೇ ಶತಮಾನದಲ್ಲಿ ಮರಾಠರ ಕಾಲದಲ್ಲಿ ಕಟ್ಟಿದ್ದು. ದೇವಿಯ ನೆಲೆ ಮಾತ್ರ ಅದಕ್ಕಿಂತ ಬಹಳ ಹಳೆಯದು, ಚಾಲುಕ್ಯರ ಕಾಲದ್ದು. ಸಿಂಹವಾಹಿನಿಯಾದ ಈ ಎಂಟು ಕೈಗಳ ದೇವಿಗೆ ಶಾಕಂಬರಿ ಎಂದೂ ಹೆಸರು. ಆಯುಧ ಹಿಡಿದ ಯುದ್ಧದ ದೇವಿಯೇ ಬರಗಾಲದಲ್ಲಿ ಕಾಯಿಪಲ್ಯೆ ಕೊಟ್ಟು ಜನರನ್ನು ಸಾಕಿದಳೆಂಬುದು ಇಲ್ಲಿಯ ನಂಬಿಕೆ. ಜಾತ್ರೆಯಲ್ಲಿ ಪಲ್ಲೇದ ಹಬ್ಬದಂದು 108 ಬಗೆಯ ಕಾಯಿಪಲ್ಯೆಯ ಅಡುಗೆ ಅವಳ ಮುಂದೆ ಎಡೆಯಾಗುತ್ತದೆ. ಒಂದೇ ವಿಗ್ರಹದಲ್ಲಿ ಕತ್ತಿಯೂ ಕಾಯಿಪಲ್ಯೆಯೂ ಇರುವ ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಮುಂದಿನ ಮಾತು ಒಂದು ಆಟದ್ದು. ನಗರಗಳ ಕಾಲೇಜು ಹುಡುಗರಿಗೆ ಅದು ಪರಿಚಿತ. ಅವರ ತಂದೆ ತಾಯಿಗಳಿಗೆ ಅಷ್ಟಾಗಿ ಇಲ್ಲ. ನಾಲ್ಕೈದು ಜನ ಸುತ್ತ ಕೂಡುತ್ತಾರೆ. ಒಬ್ಬರು ಒಂದು ಕಲ್ಪಿತ ಲೋಕವನ್ನು ಬಣ್ಣಿಸುತ್ತಾರೆ. ಉಳಿದವರು ತಲೆಗೊಂದು ಪಾತ್ರ ಹೊತ್ತು, ಆ ಲೋಕದೊಳಗೆ ತಾವು ಏನು ಮಾಡುತ್ತೇವೆಂದು ಬಾಯಿಂದಲೇ ಹೇಳುತ್ತ ಹೋಗುತ್ತಾರೆ. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಪರದೆ ಇಲ್ಲದ, ಪ್ರೇಕ್ಷಕರಿಲ್ಲದ, ಸಂಭಾಷಣೆ ಮೊದಲೇ ಬರೆಯದ ನಾಟಕ ಎನ್ನಬಹುದು. ಪಾತ್ರದಾಟ ಎಂದು ಕರೆಯಬಹುದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಬಗೆಯ ಮೊದಲ ಅಚ್ಚಾದ ಆಟ. ಅದಾದ ಮೇಲೆ ಬಾಹ್ಯಾಕಾಶ, ರೋಬಾಟು, ಗ್ರಹಗಳ ನಡುವಣ ಯುದ್ಧ ಎಲ್ಲಕ್ಕೂ ಒಂದೊಂದು ಆಟ ಬಂದಿದೆ. ಎಂಬತ್ತರ ದಶಕದಲ್ಲಿ ಅಮೆರಿಕದ ತಂದೆ ತಾಯಿಗಳು ಈ ಆಟವನ್ನು ಕಂಡು ಬೆಚ್ಚಿಬಿದ್ದದ್ದೂ ನಿಜ, ಆ ಭಯ ಹುಸಿಯೆಂದು ಆಮೇಲೆ ತಿಳಿದದ್ದೂ ನಿಜ.

ಆದರೆ ಆಟ ಆಡುವುದಕ್ಕಿಂತ ಆಟದ ಲೋಕ ಕಟ್ಟುವುದೇ ಹುಡುಗರಿಗೆ ಹೆಚ್ಚಿನ ಹುಚ್ಚು. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಸಾಕು. ಮುಂದಿನ ಶತಮಾನದ ಯುದ್ಧ ಎಂದ ಕೂಡಲೇ ಹಾಳೆಯ ತುಂಬ ಲೇಸರ್ ಬಂದೂಕು, ಉಕ್ಕಿನ ದೈತ್ಯರು, ಸಾವಿರ ನೌಕೆಗಳ ದಂಡು. ಹತ್ತು ಹಾಳೆ ತುಂಬಿದ ಮೇಲೆ ಆಡಲು ಕೂತರೆ ಆಟ ಅರ್ಧ ಗಂಟೆಯಲ್ಲೇ ಸಪ್ಪೆ. ಕಾರಣ ಸರಳ. ಆಯುಧಗಳ ಪಟ್ಟಿ ಲೋಕವಾಗುವುದಿಲ್ಲ. ಆ ಯುದ್ಧ ಯಾಕಾಗಿ, ಯಾವ ನೆಲದಲ್ಲಿ, ದಂಡಿಗೆ ಊಟ ಎಲ್ಲಿಂದ, ಸುದ್ದಿ ಮುಟ್ಟಲು ಎಷ್ಟು ಹೊತ್ತು, ಊರಿನಲ್ಲಿ ಉಳಿದವರ ಗತಿಯೇನು ಎಂಬ ಪ್ರಶ್ನೆಗಳಿಗೆ ಹಾಳೆಯಲ್ಲಿ ಉತ್ತರವಿರುವುದಿಲ್ಲ. ಈ ಪ್ರಶ್ನೆಗಳಿಗೆ ಕಲ್ಲಿನಲ್ಲಿ ಉತ್ತರ ಬರೆದಿಟ್ಟ ಊರುಗಳು ಕರ್ನಾಟಕದಲ್ಲಿ ಕೆಲವಿವೆ. ಬಾದಾಮಿ ಅವುಗಳಲ್ಲಿ ಮೊದಲನೆಯದು. ಆದ್ದರಿಂದ ನೋಟ್‌ಬುಕ್ ಹಿಡಿದ ವಿದ್ಯಾರ್ಥಿ ಬನಶಂಕರಿಗೆ ಬರುವ ಮುನ್ನ ಅರ್ಧ ದಿನ ಬಾದಾಮಿಯಲ್ಲಿ ಕಳೆಯುವುದು ಒಳ್ಳೆಯದು.

ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ನಿಂತರೆ ಎರಡೂ ಕಡೆ ಕೆಂಪು ಮರಳುಗಲ್ಲಿನ ಕಡಿದಾದ ಬೆಟ್ಟ. ನಡುವೆ ನೀರು. ಎಡಗಡೆ ಬೆಟ್ಟದ ಬಂಡೆಯೊಂದರ ಮೇಲೆ ಶಕ ವರ್ಷ 465ರ, ಅಂದರೆ ಕ್ರಿ.ಶ. 543ರ ಶಾಸನವಿದೆ, ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿದ್ದನ್ನು ಅದು ಹೇಳುತ್ತದೆ. ಯಾಕೆ ಇಲ್ಲೇ ಕಟ್ಟಿದ ಎಂದು ಯಾವ ಇತಿಹಾಸ ಪುಸ್ತಕವನ್ನೂ ಕೇಳಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ನೀರು ಒಳಗಿದೆ, ಗೋಡೆಯನ್ನು ಭೂಮಿಯೇ ಕಟ್ಟಿಕೊಟ್ಟಿದೆ, ಒಳಗೆ ಬರುವ ದಾರಿ ಇಕ್ಕಟ್ಟು. ನಕಾಶೆ ಬರೆಯುವವರು ಮೊದಲು ನೀರನ್ನು ಬರೆಯಬೇಕು, ಆಮೇಲೆ ಗೋಡೆಯನ್ನು. ಅರಮನೆ ಎಲ್ಲಕ್ಕಿಂತ ಕೊನೆಗೆ.

ಇಷ್ಟು ಗಟ್ಟಿಯಾದ ಊರೂ ಬಿತ್ತು. ನರ್ಮದೆಯ ದಂಡೆಯಲ್ಲಿ ಹರ್ಷನನ್ನು ತಡೆದ ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಹಾಡಿಹೊಗಳಿ ಎಂಟು ವರ್ಷ ಕಳೆಯುವುದರೊಳಗೆ, 642ರಲ್ಲಿ, ಪಲ್ಲವ ನರಸಿಂಹವರ್ಮನ ಸೇನೆ ವಾತಾಪಿಯೊಳಗೆ ಬಂತು. ಕಂಚಿಯಿಂದ ಬಾದಾಮಿಗೆ ಹಕ್ಕಿ ಹಾರಿದ ಅಳತೆಯಲ್ಲೇ ಸುಮಾರು 550 ಕಿಲೋಮೀಟರ್. ಆನೆ, ಬಂಡಿ, ಕಾಲಾಳುಗಳ ದಂಡು ದಿನಕ್ಕೆ 15 ಕಿಲೋಮೀಟರ್ ನಡೆಯಿತೆಂದು ಹಿಡಿದರೂ ತಿಂಗಳಿಗೆ ಮೀರಿದ ದಾರಿ. ಅಷ್ಟು ದಿನ ದಂಡಿಗೆ ಊಟ ಯಾರು ಕೊಟ್ಟರು? ದಾರಿಯ ಹಳ್ಳಿಗಳು ಕೊಟ್ಟವೋ, ಕಳೆದುಕೊಂಡವೋ? ಸೇನೆ ಬರುತ್ತಿದೆಯೆಂಬ ಸುದ್ದಿ ಸೇನೆಗಿಂತ ಎಷ್ಟು ದಿನ ಮೊದಲು ಮುಟ್ಟಿತು? ಇಲ್ಲಿ ಆಟ ಹುಟ್ಟುತ್ತದೆ.

ಬಾಹ್ಯಾಕಾಶದ ಆಟಗಳಲ್ಲಿ ಬಹುಕಾಲ ಬಾಳಿದ 'ಟ್ರಾವಲರ್' 1977ರಲ್ಲಿ ಪ್ರಕಟವಾಯಿತು. ಮಾರ್ಕ್ ಮಿಲ್ಲರ್ ಅದರ ಕರ್ತೃ. ಅದರ ಜೀವಾಳ ಒಂದೇ ಒಂದು ನಿಯಮದಲ್ಲಿದೆ: ನಕ್ಷತ್ರದಿಂದ ನಕ್ಷತ್ರಕ್ಕೆ ನೆಗೆಯಲು ನೌಕೆಗೆ ಒಂದು ವಾರ ಬೇಕು, ನೌಕೆಗಿಂತ ವೇಗವಾಗಿ ಯಾವ ಸುದ್ದಿಯೂ ಹೋಗುವುದಿಲ್ಲ. ಫೋನಿಲ್ಲ, ರೇಡಿಯೋ ಇಲ್ಲ. ಹೀಗಾಗಿ ಗಡಿಯ ಅಧಿಕಾರಿ ರಾಜಧಾನಿಯನ್ನು ಕೇಳದೆ ತಾನೇ ತೀರ್ಮಾನ ಮಾಡಬೇಕು. ಯುದ್ಧ ನಿಂತ ಮೇಲೂ ದೂರದ ಗ್ರಹದಲ್ಲಿ ಗುಂಡು ಹಾರುತ್ತಿರುತ್ತದೆ. ಸಾವಿರಾರು ವರ್ಷ ಮುಂದಿನ ಕಥೆಗೆ ಆ ಕರ್ತೃ ತಂದದ್ದು ಓಲೆಕಾರನ ಕಾಲದ ಕಷ್ಟವನ್ನು. ವಾತಾಪಿಯ ಕಾವಲುಗಾರನಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾಲ್ಪನಿಕ ಯುದ್ಧಕ್ಕೆ ಇತಿಹಾಸ ಎಷ್ಟು ಹಳೆಯದೆಂಬುದನ್ನು ಇಲ್ಲಿಯ ಕಲ್ಲುಹಾಸುಗಳೇ ಹೇಳುತ್ತವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಗುಡಿಗಳ ನೆಲದ ಮೇಲೆ ಆಟದ ಮನೆಗಳನ್ನು ಕೊರೆದಿರುವುದು ಕಾಣಸಿಗುತ್ತದೆ. ಗೈಡುಗಳು ಸಾಮಾನ್ಯವಾಗಿ ಇದನ್ನು ತೋರಿಸುವುದಿಲ್ಲ, ತಲೆ ಎತ್ತಿ ನಟರಾಜನನ್ನು ನೋಡುವ ಜನ ತಲೆ ತಗ್ಗಿಸಿ ನೆಲ ನೋಡುವುದೂ ಕಡಿಮೆ. ಹುಲಿ ಕುರಿ ಆಟವನ್ನೇ ತೆಗೆದುಕೊಳ್ಳಿ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ತಿನ್ನುತ್ತದೆ. ಕುರಿಗೆ ತಿನ್ನುವ ಹಕ್ಕಿಲ್ಲ, ಗುಂಪು ಕಟ್ಟಿ ದಾರಿ ಮುಚ್ಚುವ ಹಕ್ಕು ಮಾತ್ರ. ಎರಡು ಪಕ್ಷಕ್ಕೂ ಬಲ ಬೇರೆ, ಗೆಲುವಿನ ಅರ್ಥವೂ ಬೇರೆ. ಭವಿಷ್ಯದ ಯುದ್ಧವನ್ನು ಕಲ್ಪಿಸುವ ಹುಡುಗರು ಎರಡು ಪಕ್ಷಕ್ಕೂ ಅಷ್ಟಷ್ಟೇ ನೌಕೆ, ಅಷ್ಟಷ್ಟೇ ಬಂದೂಕು ಹಂಚಿ ನ್ಯಾಯ ಮಾಡಿದೆವೆಂದು ತಿಳಿಯುತ್ತಾರೆ. ಅದು ಕಬಡ್ಡಿಯ ನ್ಯಾಯ. ಯುದ್ಧದಲ್ಲಿ ಅಂಥದ್ದು ಎಂದೂ ಇರಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಹೊಸ ಹೊಸ ಆಟಗಳನ್ನು ರೂಪಿಸಿದವರು. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಆಟ ರೂಪಿಸುವುದು ಹುಡುಗಾಟವೆಂದು ನಮ್ಮ ದೊರೆಗಳು ಭಾವಿಸಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಯುರೋಪಿನಲ್ಲಿ ಈ ದಾರಿ ಬೇರೆ ಕಡೆಯಿಂದ ಬಂತು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ನಕಾಶೆಯ ಮೇಲೆ ದಾಳ ಉರುಳಿಸಿ ಆಡುವ ಯುದ್ಧದಾಟವನ್ನು ತನ್ನ ಸೈನ್ಯಕ್ಕೆ ಕಲಿಸಿದ. ಅದರಲ್ಲಿ ಒಬ್ಬ ತೀರ್ಪುಗಾರ. ಪ್ರತಿ ಪಕ್ಷಕ್ಕೆ ಅದರ ಕಣ್ಣಿಗೆ ಕಾಣಬಹುದಾದಷ್ಟನ್ನೇ ಆತ ಹೇಳುತ್ತಿದ್ದ. 'ದಿ ವಾರ್ ಆಫ್ ದಿ ವರ್ಲ್ಡ್ಸ್' (1898) ಬರೆದು ಮಂಗಳ ಗ್ರಹದವರನ್ನು ಭೂಮಿಗೆ ಇಳಿಸಿದ ಎಚ್.ಜಿ. ವೆಲ್ಸ್, 1913ರಲ್ಲಿ ಆಟಿಕೆ ಸಿಪಾಯಿಗಳ ಯುದ್ಧದಾಟಕ್ಕೆ ನಿಯಮಗಳ ಪುಸ್ತಕವನ್ನೇ ಬರೆದ. ಮರುವರ್ಷ ನಿಜವಾದ ಮಹಾಯುದ್ಧ ಬಂತು.

ಆದರೆ ಪಾತ್ರದಾಟದ ನಿಜವಾದ ತಿರುವು 1969ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ. ಡೇವಿಡ್ ವೆಸ್ಲಿ ಎಂಬ ಯುವಕ ನೆಪೋಲಿಯನ್ ಕಾಲದ ಒಂದು ಕಲ್ಪಿತ ಜರ್ಮನ್ ಊರಿನ ಯುದ್ಧದಾಟ ಸಿದ್ಧಪಡಿಸಿದ. ಗೆಳೆಯರು ಹೆಚ್ಚು, ಸೇನಾಪತಿಗಳು ಇಬ್ಬರೇ. ಉಳಿದವರಿಗೆ ಏನು ಕೊಡುವುದು? ಊರಿನ ಪುರಸಭೆಯ ಅಧ್ಯಕ್ಷ, ವಿಶ್ವವಿದ್ಯಾಲಯದ ಮುಖ್ಯಸ್ಥ, ದಂಗೆಕೋರ ವಿದ್ಯಾರ್ಥಿ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟ. ಆಟ ಅವನ ಲೆಕ್ಕ ತಪ್ಪಿಸಿ ಎಲ್ಲೆಲ್ಲೋ ಓಡಿತು. ತಾನು ಸೋತೆನೆಂದೇ ವೆಸ್ಲಿ ತಿಳಿದನಂತೆ. ಆಡಿದವರು ಮಾತ್ರ ಇನ್ನೊಮ್ಮೆ ಆಡೋಣವೆಂದು ದುಂಬಾಲು ಬಿದ್ದರು. ಅವರಲ್ಲೊಬ್ಬ ಡೇವ್ ಆರ್ನೆಸನ್. ಐದು ವರ್ಷಗಳ ನಂತರದ ಪ್ರಸಿದ್ಧ ಆಟದ ಬೀಜ ಅಲ್ಲಿತ್ತು. ಯುದ್ಧದಾಟ ಪಾತ್ರದಾಟವಾದದ್ದು ಹೊಸ ಆಯುಧ ಬಂದದ್ದರಿಂದ ಅಲ್ಲ. ಊರ ಮಂದಿಗೆ ಯುದ್ಧದಲ್ಲಿ ಒಂದು ಪಾತ್ರ ಸಿಕ್ಕಿದ್ದರಿಂದ.

ಈ ಮಾತನ್ನು ತಲೆಯಲ್ಲಿಟ್ಟುಕೊಂಡು ಬಾದಾಮಿಯ ಓಣಿಗಳಲ್ಲಿ ನಡೆದರೆ ಊರು ಬೇರೆಯಾಗಿ ಕಾಣುತ್ತದೆ. ವಾತಾಪಿಯನ್ನು ಗೆದ್ದ ನರಸಿಂಹವರ್ಮ ಇಲ್ಲಿಯ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿದ. ಸುಮಾರು ಹನ್ನೆರಡು ಹದಿಮೂರು ವರ್ಷ ರಾಜಧಾನಿ ಪರರ ಕೈಯಲ್ಲಿತ್ತು. 655ರ ಹೊತ್ತಿಗೆ ಒಂದನೆಯ ವಿಕ್ರಮಾದಿತ್ಯ ಅದನ್ನು ಮರಳಿ ಪಡೆದ. ಆ ವರ್ಷಗಳಲ್ಲಿ ಕೆರೆಯ ತೂಬು ಎತ್ತಿದವರು ಯಾರು, ಸಂತೆ ಕೂಡುತ್ತಿತ್ತೇ, ಮದುವೆಗಳಾದವೇ, ಪಲ್ಲವರ ಸಿಪಾಯಿಗೆ ರೊಟ್ಟಿ ಮಾರಿದವಳನ್ನು ಊರು ಆಮೇಲೆ ಹೇಗೆ ನಡೆಸಿಕೊಂಡಿತು? ಒಂದೂ ಶಾಸನದಲ್ಲಿಲ್ಲ. ರಾಜರು ಬರೆದರು, ಊರು ಬರೆಯಲಿಲ್ಲ. ಪಾತ್ರದಾಟದ ಲೋಕ ಕಟ್ಟುವವರಿಗೆ ಈ ಖಾಲಿ ಜಾಗದಷ್ಟು ಬೆಲೆಬಾಳುವುದು ಬೇರೊಂದಿಲ್ಲ.

ಪಾತ್ರವೊಂದನ್ನು ಚಿತ್ರಿಸುವುದು ಹೇಗೆಂಬುದಕ್ಕೂ ಬಾದಾಮಿಯಲ್ಲಿ ಮಾದರಿಯಿದೆ. ಕೆರೆಯ ದಂಡೆಯ ಬಳಿ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನ. ಕನ್ನಡದ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಅರಭಟ್ಟ ಎಷ್ಟು ಯುದ್ಧ ಗೆದ್ದನೆಂದು ಅದು ಎಣಿಸುವುದಿಲ್ಲ. ಒಳ್ಳೆಯವರೊಂದಿಗೆ ಅವನ ನಡತೆ ಎಂಥದ್ದು, ಕೆಣಕಿದವರೊಂದಿಗೆ ಎಂಥದ್ದು, ಅವಮಾನವನ್ನು ಸಹಿಸುತ್ತಾನೋ ಇಲ್ಲವೋ ಎಂದು ಸ್ವಭಾವವನ್ನೇ ಕೆತ್ತಿದೆ. ಇಂದಿನ ಆಟಗಾರರು ಪಾತ್ರದ ಹಾಳೆಯಲ್ಲಿ ಬಲಕ್ಕೆ ಇಷ್ಟು ಅಂಕ, ಬುದ್ಧಿಗೆ ಇಷ್ಟು ಅಂಕ ಎಂದು ತುಂಬುತ್ತಾರೆ. ಹದಿಮೂರು ಶತಮಾನದ ಹಿಂದಿನ ಈ 'ಹಾಳೆ' ಅದಕ್ಕಿಂತ ಉಪಯುಕ್ತ. ಅದನ್ನು ಓದಿದ ನಟನಿಗೆ ಮುಂದಿನ ಗಳಿಗೆಯಲ್ಲಿ ಅರಭಟ್ಟ ಏನು ಮಾಡುತ್ತಾನೆಂಬುದು ತಿಳಿಯುತ್ತದೆ.

ಮತ್ತೆ ಬನಶಂಕರಿಗೆ. ಹೊಂಡದ ಮಂಟಪದ ನೆರಳಿನಲ್ಲಿ ಮಧ್ಯಾಹ್ನದ ಹೊತ್ತು. ಸುತ್ತಲಿನ ಹಳ್ಳಿಯ ತಾಯಂದಿರು ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಾರೆ. "ಊಟ ಮಾಡ್ರಿ ಯಪ್ಪಾ, ರೊಟ್ಟಿ ಐತಿ, ಬದನಿಕಾಯಿ ಐತಿ, ಗಟ್ಟಿ ಮೊಸರೈತಿ." ಸಜ್ಜೆ, ಜೋಳದ ಖಡಕ್ ರೊಟ್ಟಿ, ಕೆಂಪು ಚಟ್ನಿ, ಗುರೆಳ್ಳಿನ ಹಿಂಡಿ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಒಬ್ಬ ಸಿಪಾಯಿಗೆ ದಿನಕ್ಕೆ ನಾಲ್ಕು ರೊಟ್ಟಿಯೆಂದು ಹಿಡಿದರೆ ಹತ್ತು ಸಾವಿರದ ದಂಡಿಗೆ ದಿನಕ್ಕೆ ನಲವತ್ತು ಸಾವಿರ. ತಿಂಗಳಿಗೆ ಹನ್ನೆರಡು ಲಕ್ಷ. ಬಡಿಯುವ ಕೈ ಎಷ್ಟು ಬೇಕು, ಹೊರುವ ಎತ್ತು ಎಷ್ಟು ಬೇಕು ಎಂದು ಲೆಕ್ಕ ಮಾಡಿದ ವಿದ್ಯಾರ್ಥಿಯ ನೋಟ್‌ಬುಕ್ಕಿನಲ್ಲಿ ಸಾವಿರ ನೌಕೆಗಳ ದಂಡು ತಾನಾಗಿಯೇ ಹತ್ತಕ್ಕೆ ಇಳಿಯುತ್ತದೆ. ಈ ಜಾತ್ರೆಗೂ ಅಂಥದೇ ಒಂದು ಸರಬರಾಜು ಉಂಟು: ತೇರೆಳೆಯುವ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರುವುದು ವಾಡಿಕೆ. ಹಗ್ಗ ಬರದೆ ತೇರು ಕದಲದು.

ಈಗ ನಕಾಶೆ ಬರೆಯಬಹುದು. ನಮ್ಮ ಯುದ್ಧ ಎಲ್ಲಿ? ದೂರದ ನಕ್ಷತ್ರಗಳು ಬೇಡ, ಚಂದ್ರನೇ ಸಾಕು. 2008ರಲ್ಲಿ ಹೊರಟ ಚಂದ್ರಯಾನ-1 ಅಲ್ಲಿ ನೀರಿನಂಶವನ್ನು ಪತ್ತೆಹಚ್ಚಿತು. ಅದೇ ನೌಕೆಯ ಉಪಕರಣದ ಮಾಹಿತಿಯಿಂದ 2018ರಲ್ಲಿ ಧ್ರುವದ ಕುಳಿಗಳೊಳಗೆ ಮಂಜುಗಡ್ಡೆ ಇರುವುದಕ್ಕೆ ನೇರ ಪುರಾವೆ ಸಿಕ್ಕಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ದಕ್ಷಿಣ ಧ್ರುವದ ಸಮೀಪದ ಪ್ರದೇಶದಲ್ಲಿ ಇಳಿಯಿತು. ಆ ಧ್ರುವದಲ್ಲಿ ಶ್ಯಾಕಲ್ಟನ್ ಎಂಬ ಕುಳಿಯಿದೆ. ಅಡ್ಡಳತೆ ಸುಮಾರು 21 ಕಿಲೋಮೀಟರ್, ಅಂದರೆ ಬಾದಾಮಿಯಿಂದ ಪಟ್ಟದಕಲ್ಲಿಗೆ ಇರುವಷ್ಟು; ಆಳ ಸುಮಾರು 4 ಕಿಲೋಮೀಟರ್. ತಳಕ್ಕೆ ಸೂರ್ಯನ ಬೆಳಕು ಎಂದೂ ಬೀಳದು. ಅಂಚಿನ ದಿಬ್ಬಗಳ ಮೇಲೆ ಮಾತ್ರ ವರ್ಷದ ಬಹುಪಾಲು ಬಿಸಿಲು. ಕೆಳಗೆ ಕತ್ತಲು ಮತ್ತು ನೀರು, ಮೇಲೆ ಬೆಳಕು ಮತ್ತು ವಿದ್ಯುತ್ತು. ಅಗಸ್ತ್ಯ ತೀರ್ಥವನ್ನೂ ಎರಡು ಬೆಟ್ಟಗಳನ್ನೂ ಆಗ ತಾನೇ ನೋಡಿ ಬಂದವರಿಗೆ ಈ ಚಿತ್ರ ಹೊಸದೇನಲ್ಲ.

ಕುಳಿಯ ತಳದಲ್ಲಿ ಮಂಜುಗಡ್ಡೆ ಅಗೆಯುವ ಊರನ್ನು ಹರಿದ್ರಾ ಎಂದು ಕರೆಯೋಣ. ಅಂಚಿನ ಮೇಲೆ ಸೌರಫಲಕ ನೆಟ್ಟ ಊರು ಬೆಳಕಿನೂರು. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರ ಯಾವ ದೇಶದ ಸ್ವತ್ತೂ ಅಲ್ಲ. ಆದ್ದರಿಂದ ನೀರು ಯಾರದು ಎಂಬ ಪ್ರಶ್ನೆಗೆ ನೇರ ಉತ್ತರವಿಲ್ಲ. ಜಗಳಕ್ಕೆ ಇಷ್ಟು ಸಾಕು. ಬರದ ವರ್ಷ ಕಾಲುವೆಯ ನೀರಿಗೆ ಕಾದು ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ವಿಜ್ಞಾನ ತಾನೇ ನಿಯಮ ಬರೆದುಕೊಡುತ್ತದೆ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ವಿದ್ಯುತ್ ಹಾಯಿಸಿ 9 ಗ್ರಾಂ ನೀರು ಒಡೆದರೆ 8 ಗ್ರಾಂ ಆಮ್ಲಜನಕ. ಅಂದರೆ ತಲೆಗೆ ದಿನಕ್ಕೆ ಲೀಟರಿಗಿಂತ ತುಸು ಕಡಿಮೆ ನೀರು ಉಸಿರಾಟಕ್ಕೇ ಹೋಗುತ್ತದೆ. ನೀರಿದ್ದು ವಿದ್ಯುತ್ತಿಲ್ಲದಿದ್ದರೆ ಹರಿದ್ರಾ ಉಸಿರುಗಟ್ಟುತ್ತದೆ. ವಿದ್ಯುತ್ತಿದ್ದು ನೀರಿಲ್ಲದಿದ್ದರೆ ಬೆಳಕಿನೂರು. ಗುರುತ್ವ ಭೂಮಿಯ ಆರನೇ ಒಂದು ಪಾಲು, ಗಾಳಿಯ ತಡೆ ಇಲ್ಲವೇ ಇಲ್ಲ. ಬಂದೂಕಿನ ಗುಂಡು ನೂರಾರು ಕಿಲೋಮೀಟರ್ ಹೋಗಿ ಬೀಳುತ್ತದೆ, ಯಾರ ಮೇಲೆ ಎಂಬುದು ಹಾರಿಸಿದವನಿಗೇ ಗೊತ್ತಿರದು. ಸ್ಫೋಟದಿಂದ ಎದ್ದ ಕಲ್ಲುಪುಡಿಯೂ ಅಷ್ಟೇ, ಶತ್ರುವಿನ ಗುಮ್ಮಟವನ್ನೂ ತೂತು ಮಾಡುತ್ತದೆ, ಹಚ್ಚಿದವರದನ್ನೂ ಮಾಡುತ್ತದೆ. ಸದ್ದು ಮಾತ್ರ ಕೇಳಿಸದು. ನಾಟಕದ ಕಂಪನಿಯವರು ಯುದ್ಧದ ದೃಶ್ಯಕ್ಕೆ ಬಡಿಯುವ ನಗಾರಿ ಚಂದ್ರನಲ್ಲಿ ನಿರುಪಯೋಗಿ.

ಚಂದ್ರ ಚಿಕ್ಕದು, ಆದ್ದರಿಂದ ದಿಗಂತ ಹತ್ತಿರ. ಸಮತಟ್ಟಾದ ಜಾಗದಲ್ಲಿ ನಿಂತ ಮನುಷ್ಯನಿಗೆ ಸುಮಾರು ಎರಡೂವರೆ ಕಿಲೋಮೀಟರ್ ಆಚೆಯ ನೆಲ ಕಾಣದು. ರೇಡಿಯೋ ಅಲೆಯನ್ನು ಬಾಗಿಸಿ ಮರಳಿಸಲು ಭೂಮಿಗಿರುವಂಥ ಅಯಾನುಗೋಳವಿಲ್ಲ. ಕಣ್ಣಿಗೆ ಕಾಣದ ಕಡೆಗೆ ಮಾತೂ ಮುಟ್ಟದು, ಉಪಗ್ರಹ ಬೇಕು. ಯುದ್ಧದಲ್ಲಿ ಮೊದಲು ಹಾಳಾಗುವುದು ಉಪಗ್ರಹ. ಆಮೇಲೆ? 20 ಮೀಟರ್ ಎತ್ತರದ ಗೋಪುರ ಕಟ್ಟಿದರೆ 8 ಕಿಲೋಮೀಟರಿನವರೆಗೆ ನೋಟ ಚಾಚುತ್ತದೆ. ಬನಶಂಕರಿಯ ಹೊಂಡದ ದಂಡೆಯ ಗೋಪುರದಲ್ಲಿ ದೀಪ ಹಚ್ಚುತ್ತಿದ್ದವರ ವಿದ್ಯೆಯೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ವಿದೇಶದ ಆಟಗಳಿಗೆ ಎಂಟು ಮುಖ, ಇಪ್ಪತ್ತು ಮುಖದ ದಾಳಗಳು ಬೇಕು. ಇಲ್ಲಿ ನಾಲ್ಕು ಕವಡೆ ಸಾಕು. ಚೌಕಾಬಾರದಲ್ಲಿ ಎಣಿಸುವಂತೆ ಬಾಯಿ ಮೇಲಾದವು ಎಷ್ಟೋ ಅಷ್ಟು ಅಂಕ. ಎಲ್ಲವೂ ಬೋರಲಾದರೆ ಎಂಟು. ಕವಡೆಯ ಎರಡೂ ಮಗ್ಗುಲು ಸಮವೆಂದು ಹಿಡಿದರೆ 16ರಲ್ಲಿ 6 ಸಲ ಎರಡು ಬೀಳುತ್ತದೆ, ಒಂದು ಮತ್ತು ಮೂರು ತಲಾ 4 ಸಲ, ನಾಲ್ಕು ಮತ್ತು ಎಂಟು ಒಂದೊಂದೇ ಸಲ. ನಿಜವಾದ ಕವಡೆ ಅಷ್ಟು ಸಮವಾಗಿರುವುದಿಲ್ಲ. ನೂರು ಸಲ ಎಸೆದು ಬರೆದುಕೊಂಡರೆ ಆ ಕವಡೆಯ ಸ್ವಭಾವ ತಿಳಿಯುತ್ತದೆ, ಪಿಯುಸಿ ಗಣಿತದ ಒಂದು ಅಧ್ಯಾಯವೂ ತಿಳಿಯುತ್ತದೆ. ಕಷ್ಟದ ಕೆಲಸಕ್ಕೆ ನಾಲ್ಕು ಅಥವಾ ಎಂಟು ಬೀಳಬೇಕು, ಸುಲಭದ್ದಕ್ಕೆ ಎರಡಾದರೂ ಸಾಕು ಎಂಬ ಎರಡೇ ನಿಯಮದಲ್ಲಿ ಒಂದು ಸಂಜೆಯ ಆಟ ನಡೆಯುತ್ತದೆ.

ಲೋಕವನ್ನು ನಡೆಸಿಕೊಡುವವನಿಗೂ ಹೊಸ ಹೆಸರು ಹುಡುಕಬೇಕಾಗಿಲ್ಲ. ಈ ಭಾಗದ ದೊಡ್ಡಾಟದಲ್ಲಿ ಸಾರಥಿ ಇದ್ದಾನೆ. ಕಿರೀಟ, ಭುಜಕೀರ್ತಿ ತೊಟ್ಟ ವೇಷ ಕುಣಿಯುತ್ತ ಅಟ್ಟದ ಮೇಲೆ ಬಂದೊಡನೆ, ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಸಾರಥಿ ಕೇಳುತ್ತಾನೆ. ವೇಷ ಹೇಳಲೇಬೇಕು. ಚಂದ್ರನ ಮೇಲಿನ ಆಟವೂ ಅಲ್ಲಿಂದಲೇ ಶುರುವಾಗಲಿ. ಒಬ್ಬ ನೀರಗಂಟಿ, ಒಬ್ಬಳು ಸೌರಫಲಕದ ಧೂಳು ಒರೆಸುವವಳು, ಒಬ್ಬ ಕಾವಲಿನ ಸಿಪಾಯಿ, ಒಬ್ಬಳು ಶಾಲೆಯ ಅಕ್ಕೋರು. ಆಟ ಹೀಗೆ ಸಾಗಬಹುದು.

"ಬೆಳಕಿನೂರಿಂದ ಸುದ್ದಿ ಬಂದೈತಿ. ನಾಳಿಂದ ಕರೆಂಟು ಅರ್ಧಾನ ಕೊಡ್ತಾರಂತ. ಕುಳಿಯೊಳಗ ನಾಕನೂರು ಮಂದಿ ಅದೀರಿ. ಏನ್ ಮಾಡ್ತೀರಿ?" ಎನ್ನುತ್ತಾನೆ ಸಾರಥಿ.

"ಗಾಳಿ ಎಷ್ಟ ದಿನಕ್ಕ ಐತಿ?" ನೀರಗಂಟಿಯ ಪ್ರಶ್ನೆ.

"ಆರು ದಿನಕ್ಕ."

"ಆರು ದಿನ ಯಾಕ? ಇವತ್ತ ರಾತ್ರಿನ ಮ್ಯಾಲ ಹತ್ತಿ ತಂತಿ ಹಿಡಕೊಳ್ಳೂಣು," ಸಿಪಾಯಿಗೆ ಅವಸರ.

"ಇಲ್ಲಿ ರಾತ್ರಿ ಎಲ್ಲೈತಲೇ? ಕುಳಿಯೊಳಗ ಯಾವಾಗ್ಲೂ ಕತ್ತಲ, ಮ್ಯಾಲ ಯಾವಾಗ್ಲೂ ಬಿಸಲು. ಹತ್ತೂದ ಅವ್ರಿಗೆ ಕಾಣತೈತಿ."

"ಸಾಲಿ ಹುಡುಗ್ರು ಅರವತ್ತು ಮಂದಿ ಅದಾರ," ಅಕ್ಕೋರು ಮೆಲ್ಲಗೆ ಹೇಳುತ್ತಾಳೆ, "ಅವ್ರ ಪೈಕಿ ಹತ್ತು ಮಂದಿ ಬೆಳಕಿನೂರವ್ರು. ಅವ್ರನ್ನ ಏನ್ ಮಾಡೂಣು?"

ಸಿಪಾಯಿಯಾದ ಹುಡುಗ ಕವಡೆ ಕೈಯಲ್ಲೇ ಹಿಡಿದು ಸುಮ್ಮನೆ ಕೂರುತ್ತಾನೆ. ಲೇಸರ್ ಬಂದೂಕಿನ ಹತ್ತು ಹಾಳೆಗಳಿಂದ ಬಾರದ ಗಳಿಗೆ ಇದು.

ಯುದ್ಧದಾಟದಿಂದ ಮಕ್ಕಳ ಮನಸ್ಸು ಕಲ್ಲಾಗದೇ ಎಂದು ಕೇಳುವ ತಂದೆ ತಾಯಿಗಳ ಆತಂಕ ತಳ್ಳಿಹಾಕುವಂಥದ್ದಲ್ಲ. ಕೊಂದ ಎಣಿಕೆಗೆ ಅಂಕ ಕೊಡುವ ಆಟಗಳು ಬೇಕಾದಷ್ಟಿವೆ. ಅವುಗಳಲ್ಲಿ ಸತ್ತವನಿಗೆ ಹೆಸರಿಲ್ಲ, ಮನೆಯಿಲ್ಲ. ಲೋಕ ಕಟ್ಟುವ ಕೆಲಸ ಮಕ್ಕಳ ಕೈಯಲ್ಲೇ ಇದ್ದರೆ ಹೆಸರು, ಮನೆ, ಊಟ ಎಲ್ಲವನ್ನೂ ಅವರೇ ಬರೆಯಬೇಕಾಗುತ್ತದೆ. ಬರೆದ ಮೇಲೆ ಸುಡಲು ಕೈ ಅಷ್ಟು ಬೇಗ ಏಳುವುದಿಲ್ಲ. ತಂದೆ ತಾಯಿಗಳೂ ಒಂದು ಪಾತ್ರ ಹೊತ್ತು ಕೂರಬಹುದು. ನೀರಗಂಟಿಯ ಪಾತ್ರಕ್ಕೆ ಅಪ್ಪನಿಗಿಂತ ಅಜ್ಜ ಹೆಚ್ಚು ಯೋಗ್ಯ.

ಯುದ್ಧ ಮುಗಿದ ಮೇಲಿನ ಮಾತೂ ನೋಟ್‌ಬುಕ್ಕಿನಲ್ಲಿರಬೇಕು. ವಾತಾಪಿ ಬಿದ್ದು ನೂರು ವರ್ಷದ ಮೇಲೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಸೇಡು ತೀರಿಸುವ ಅವಕಾಶ ಕೈಯಲ್ಲಿತ್ತು. ಅವನು ಕೈಲಾಸನಾಥ ಗುಡಿಯ ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಮರಳಿಸಿದನೆಂದು ಆ ಗುಡಿಯ ಕಂಬದ ಮೇಲೆ ಕನ್ನಡದಲ್ಲೇ ಶಾಸನವಿದೆ. ಬಾದಾಮಿಯಲ್ಲಿ ಪಲ್ಲವರ ಅಕ್ಷರ, ಕಂಚಿಯಲ್ಲಿ ಕನ್ನಡದ ಅಕ್ಷರ. ಈ ಗೆಲುವಿನ ನೆನಪಿಗೆ ಅವನ ರಾಣಿಯರು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳ ರೂಪದಲ್ಲಿ ಕಂಚಿಯ ಛಾಯೆ ಎದ್ದುಕಾಣುತ್ತದೆ. ಸೋತವರ ಕಲೆ ಗೆದ್ದವರ ಊರಿಗೆ ಬಂತು. ಇಂಥ ತಿರುವನ್ನು ಕಲ್ಪಿಸಿದ ವೈಜ್ಞಾನಿಕ ಕಥೆಗಳು ಕಡಿಮೆ. ಬಾದಾಮಿಯ ಕೋಟೆ ಆಮೇಲೂ ಸುಮ್ಮನಿರಲಿಲ್ಲ; 1786ರಲ್ಲಿ ಮರಾಠ ಮತ್ತು ನಿಜಾಮರ ಸೇನೆ ಟಿಪ್ಪುವಿನಿಂದ ಅದನ್ನು ಕಸಿಯಿತು, 1818ರಲ್ಲಿ ಮನ್ರೋ ಬಂದ. ಆ ಕಥೆ ಬೇರೆ ದಿನಕ್ಕಿರಲಿ.

ಸಂಜೆಯಾಗುತ್ತಲೇ ಥೇಟರುಗಳ ದೀಪ ಹತ್ತುತ್ತವೆ. 1934ರಲ್ಲಿ ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಬನಶಂಕರಿಯ ಕಂಪನಿಗಳಿಗೆ ಆ ವೈಭವವಿಲ್ಲ. ಒಂದು ರಸ್ತೆಯ ಪರದೆ, ಒಂದು ಮನೆಯ ಪರದೆ, ಒಂದು ಕಾಡಿನ ಪರದೆ. ಹಗ್ಗ ಎಳೆದರೆ ಊರು ಬದಲಾಗುತ್ತದೆ. ಕೋವಿಡ್ ಕಾಲದಲ್ಲಿ ಜಾತ್ರೆಗಳು ನಿಂತಾಗ ಇವೇ ಪರದೆಗಳು ಸುತ್ತಿದಂತೆಯೇ ಬಿದ್ದಿದ್ದವು, ಎಳೆಯುವ ಕೈಗಳಿಗೆ ಬೇರೆ ಕೂಲಿ ಹುಡುಕಬೇಕಾಯಿತು. ಈಗ ಮತ್ತೆ ಗಂಟೆ ಬಾರಿಸುತ್ತದೆ, ಹಾರ್ಮೋನಿಯಂ ಏಳುತ್ತದೆ. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತ ಹುಡುಗರು ಕಾಡಿನ ಪರದೆ ಬಿದ್ದೊಡನೆ ಕಾಡಿನೊಳಗೇ ಕೂತಿರುತ್ತಾರೆ.

ಬನಶಂಕರಿಗೆ ಬರಲು ಬಾದಾಮಿಯೇ ದ್ವಾರ. ಹುಬ್ಬಳ್ಳಿ-ಸೊಲ್ಲಾಪುರ ರೈಲು ಮಾರ್ಗದಲ್ಲಿ ಬಾದಾಮಿ ನಿಲ್ದಾಣವಿದೆ. ಅದು ಊರಿನಿಂದ ಐದು ಕಿಲೋಮೀಟರ್ ದೂರ. ಬಾಗಲಕೋಟೆ, ಗದಗ, ಇಳಕಲ್ಲಿನ ಕಡೆಯಿಂದ ಬಸ್ಸುಗಳುಂಟು. ಜಾತ್ರೆಯ ದಿನಗಳಲ್ಲಿ ನಾಟಕ ಮುಗಿಯುವ ಹೊತ್ತಿಗೆ ನಡುರಾತ್ರಿ ದಾಟಿರುತ್ತದೆ. ಮಕ್ಕಳೊಂದಿಗೆ ಬಂದವರು ಹೊದಿಕೆಯನ್ನೂ, ಬುಟ್ಟಿಯ ತಾಯಂದಿರಿಂದ ಹತ್ತು ಖಡಕ್ ರೊಟ್ಟಿಯನ್ನೂ ಸಂಜೆಯೇ ಕಟ್ಟಿಸಿಟ್ಟುಕೊಳ್ಳಬೇಕು.